ಊರಿಗಾಂ ಸಭೆ ಎದ್ದು ನಿಂತ ಭಾನುವಾರ

ಮುಂದೆ ಯಾವ ದಾರಿ ಹಿಡಿಯಬೇಕೆಂಬ ಬಗ್ಗೆ ದೇವರ ಚಿತ್ತವೇನೆಂದು ಊರಿಗಾಂ ಕ್ರೈಸ್ತ ಸಭೆ ಒಂದು ಭಾನುವಾರ ಕೂತು ತಿಳಿದುಕೊಳ್ಳತಕ್ಕದ್ದು ಎಂದು ಬೆಂಗಳೂರಿನ ದೊಡ್ಡ ಪಾದ್ರಿಗಳಿಂದ ಅಪ್ಪಣೆ ಬಂದಾಗ, ನಮ್ಮ ಯಜಮಾನರು ಮೊದಲು ಮಾಡಿದ ಕೆಲಸವೆಂದರೆ ಒಂದು ಕೋಟು ಸಂಪಾದಿಸಿದ್ದು. ಚಿನ್ನದ ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಸೀಮೆಗೆ ಹೊರಟಿದ್ದರು. ಹಾಗೆ ಹೊರಟವರೊಬ್ಬರು ಬಿಟ್ಟುಹೋದ ಕೋಟು ಅದು; ಆರಡಿ ಎತ್ತರದ ಮನುಷ್ಯನಿಗೆ ಹೊಲಿದದ್ದು. ನಮ್ಮ ಯಜಮಾನರು ನನಗಿಂತ ಒಂದು ಬೆರಳು ಗಿಡ್ಡ. ಹಗಲು ಆಸ್ಪತ್ರೆಯಲ್ಲಿ ಆಯಾ ಕೆಲಸ, ಸಂಜೆ ಐದು ಮಕ್ಕಳ ಹೊಟ್ಟೆಯ ಕೆಲಸ, ಇವುಗಳ ನಡುವೆ ದೊರೆಯ ತೋಳನ್ನು ಮೊಟಕು ಮಾಡುವ ಕೆಲಸವೂ ನನಗೆ ಸೇರಿಕೊಂಡಿತು.

"ಯಾಕೆ ಈ ಕೋಟು?" ಎಂದೆ.

"ಬೆಂಗಳೂರಿಂದ ದೊಡ್ಡಯ್ಯನವರೇ ಬತ್ತಾರಂತೆ. ಸಭೆ ಮುಂದೆ ಪ್ರಶ್ನೆ ಇಡೋ ಜವಾಬ್ದಾರಿ ನಂದು," ಎಂದರು. ಗಣಿಯ ದೀಪದ ಕೋಣೆಯಲ್ಲಿ ಕೂತು, ಕೆಳಗಿಳಿಯುವವರಿಗೆ ತಲೆದೀಪ ಎತ್ತಿಕೊಡುವುದು ಅವರ ಕೆಲಸ. ಆದರೆ ಭಾನುವಾರ ಅವರು ಸಭೆಯ ಹಿರಿಯರು, ದಾನಿಯೇಲಪ್ಪನವರು. ಸೋಮವಾರದಿಂದ ಶನಿವಾರದವರೆಗೆ ಯಾರೂ ಅವರಿಗೆ 'ಅವರು' ಹಚ್ಚದ ಕಾರಣ, ಭಾನುವಾರ ಸಿಗುವ ಅಷ್ಟನ್ನೂ ಅವರು ಜೋಪಾನವಾಗಿ ಅನುಭವಿಸುತ್ತಿದ್ದರು.

ಪ್ರಶ್ನೆ ಇಷ್ಟೇ. ದೊರೆಗಳು ಹೋದ ಮೇಲೆ ನಮ್ಮ ದೇವಾಲಯದಲ್ಲಿ ಮುಂದಿನ ನಾಲ್ಕು ಬೆಂಚು ಖಾಲಿ. ಉಳಿದವರು ನಾವು, ಲೈನೆಂಬ ಗಣಿ ಕೂಲಿಗಳ ಸಾಲುಮನೆಯ ಕ್ರೈಸ್ತರು, ಬೆರಳೆಣಿಕೆಯಷ್ಟು ಮನೆ. ಇಷ್ಟು ಜನರಿಗಾಗಿ ಇಲ್ಲೊಂದು ಸಭೆ ಇರಬೇಕೇ, ಇಲ್ಲವೇ ರೈಲು ಜಂಕ್ಷನ್ ಇರುವ, ದಿನದಿನಕ್ಕೆ ಬೆಳೆಯುತ್ತಿರುವ ಬಂಗಾರಪೇಟೆಗೆ ಸೇವೆಯನ್ನು ಸಾಗಿಸಬೇಕೇ ಎಂದು ನಾವೇ ಪ್ರಾರ್ಥನೆ ಮಾಡಿ ಹೇಳಬೇಕು.

ಇಲ್ಲಿ ನಮ್ಮ ದೇವಾಲಯದ ವಿಷಯ ಒಂದು ಮಾತು. ಅದಿದ್ದದ್ದು ಗಣಿಯ ಗೇಟಿನ ಎದುರಿಗೆ. ತಗಡಿನ ಮಾಡು, ಮುಂದೆ ಕಂಬಿ ಹಾಕಿದ ಉದ್ದನೆಯ ಜಗಲಿ. ನೆಲದಾಳದಲ್ಲಿ ಬಂಡೆ ಸಿಡಿಯುವುದಕ್ಕೆ ನಮ್ಮಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಾರೆ. ಅದಾದಾಗ ಮನೆಯ ಪಾತ್ರೆಗಳೆಲ್ಲ ಅಲುಗುತ್ತವೆ, ಲೈನಿನ ಹೆಂಗಸರು ಒಲೆ ಮೇಲಿದ್ದದ್ದನ್ನು ಹಾಗೇ ಬಿಟ್ಟು ಗೇಟಿಗೆ ಓಡುತ್ತಾರೆ. ಗೇಟು ತೆಗೆಯುವುದಿಲ್ಲ. ಗಂಡಸರನ್ನು ಹೊತ್ತ ಕೇಜು ಮೇಲೆ ಬರುವ ತನಕ ನಿಲ್ಲಲು ನೆರಳೆಂದರೆ ನಮ್ಮ ಜಗಲಿಯೊಂದೇ. ನಾವು ಬಾಗಿಲು ತೆಗೆದು, ಚಾಪೆ ಹಾಸಿ, ಕಾಫಿ ಕಾಯಿಸಿ ಕೊಡುತ್ತಿದ್ದೆವು. ಯಾವ ಜಾತಿಯೆಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ಲೋಟ ಬೇರೆ ಇಡಿ ಎಂದವರೂ ಇಲ್ಲ. ಇದನ್ನು ನಾವ್ಯಾರೂ ಸೇವೆ ಎಂದು ಕರೆದಿರಲಿಲ್ಲ. ಕಾಫಿ ಎಂದೇ ಕರೆಯುತ್ತಿದ್ದೆವು.

ಆದ್ದರಿಂದ ದೇವಾಲಯ ಹೋಗಬಾರದೆಂಬುದರಲ್ಲಿ ಸಭೆಗೆ ಎರಡು ಮನಸ್ಸಿರಲಿಲ್ಲ. ಹಿಂದಿನ ವಾರವೇ ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ದೇವರ ಚಿತ್ತವನ್ನು ಮುಂಚಿತವಾಗಿ ಗೊತ್ತು ಮಾಡಿಕೊಂಡರು. ಕೈ ಎತ್ತುವುದು ಬೇಡ, ಯೂನಿಯನ್ ಮೀಟಿಂಗಿನಂತೆ ಕಾಣುತ್ತದೆ. ಪ್ರೇರಣೆಯಾದವರು ಎದ್ದು ನಿಲ್ಲಲಿ, ಅದು ಗಂಭೀರ ಎಂದರು ನಮ್ಮ ಯಜಮಾನರು. ಮೊದಲ ಪ್ರಶ್ನೆ 'ಇಲ್ಲೇ ಇರಬೇಕೇ'. ಎಲ್ಲರೂ ಏಳಬೇಕು. ಎರಡನೆಯದು 'ಬಂಗಾರಪೇಟೆಗೆ ಹೋಗಬೇಕೇ'. ಯಾರೂ ಏಳಬಾರದು.

"ಎರಡೇ ಪ್ರಶ್ನೆ. ತಲೆಕೆಳಗು ಮಾಡ್ಬೇಡ ಕಣಪ್ಪ ದಾನಿಯೇಲ," ಎಂದಳು ರಾಹೇಲಜ್ಜಿ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು. ಒಬ್ಬ ಮಗನನ್ನು ಗಣಿಗೆ ಕೊಟ್ಟವಳು.

"ನಾನೇನು ಮಗುವಾ ಅಜ್ಜಿ?"

"ಮಗುವಾಗಿದ್ರೆ ಹೇಳ್ತಾನೇ ಇರ್ಲಿಲ್ಲ."

ಇಡೀ ಭೂಮಂಡಲದಲ್ಲಿ ನಮ್ಮ ಸಭೆ ಬಂಗಾರಪೇಟೆಗೆ ಬರಲೆಂದು ಬಯಸಿದವನು ಒಬ್ಬನೇ. ನನ್ನ ಸ್ವಂತ ತಮ್ಮ ಜ್ಞಾನಪ್ರಕಾಶ. ಅವನಿಗೆ ಅಲ್ಲಿ ರೈಲ್ವೆ ಗೇಟಿನ ಹತ್ತಿರ ಸೌದೆ ಡಿಪೋ. ಡಿಪೋ ಹಿಂದಿನ ನಿವೇಶನವನ್ನು ದೇವರಿಗೆ ಬಿಟ್ಟುಕೊಡಲು ಸಿದ್ಧನಿದ್ದ. ದೇವರು ಬಂದರೆ ರಸ್ತೆಯೂ ಬರುತ್ತದೆ, ರಸ್ತೆ ಬಂದರೆ ಲಾರಿಯೂ ಬರುತ್ತದೆ ಎಂಬ ವಿಶ್ವಾಸ ಅವನಲ್ಲಿ ಬಲವಾಗಿತ್ತು.

ಭಾನುವಾರ ಬಂತು. ದೊಡ್ಡಯ್ಯನವರು ಬಂದರು. ಬಿಳಿ ನಿಲುವಂಗಿ, ಬೆಳ್ಳಿ ಕೂದಲು, ಮಾತಾಡಿದರೆ ಅಚ್ಚು ಹಾಕಿದ ಹಾಗೆ ಕನ್ನಡ. ನಮ್ಮ ಸಭಾಪಾಲಕರಾದ ಸೀಮೋನಯ್ಯನವರು ಅವರ ಪಕ್ಕ ಕೂತು, ಅವರು ಏನು ಹೇಳುವ ಮೊದಲೇ ತಲೆಯಾಡಿಸುತ್ತಿದ್ದರು. ಅದು ಅವರ ಸ್ವಭಾವ. ಯಾರು ಏನು ಹೇಳಿದರೂ ಅವರಿಗೆ ಸರಿಯೆನಿಸುತ್ತಿತ್ತು. ಜ್ಞಾನಪ್ರಕಾಶ ಮೊದಲನೆ ಬೆಂಚಿನಲ್ಲಿ, ದೊರೆಗಳು ಕೂರುತ್ತಿದ್ದ ಜಾಗದಲ್ಲಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೊರಗೆ ಕೇಜನ್ನು ಇಳಿಸಿ ಎತ್ತುವ ಗಣಿಯ ರಾಟೆ ತಿರುಗುತ್ತಲೇ ಇತ್ತು. ಭಾನುವಾರವಾದರೂ ಪಂಪಿನವರು, ಮರದ ಆಸರೆ ಕಟ್ಟುವವರು ಕೆಳಗಿಳಿಯಲೇಬೇಕು. ನನ್ನ ದೊಡ್ಡ ಮಗ ಯೋಹಾನನೂ ಅವತ್ತು ಕೆಳಗಿದ್ದ.

ದೊಡ್ಡಯ್ಯನವರು ಪ್ರಸಂಗ ಮಾಡಿದರು. "ಪ್ರಿಯರೇ, ನಿಮ್ಮ ಸ್ವಂತ ಇಚ್ಛೆಯನ್ನು ಬದಿಗಿರಿಸಿ. ಆತನು ಮಾತಾಡುವನು. ನಾವು ಕಾದಿರೋಣ."

ಆ ಜಗಲಿಯ ವಿಷಯ ಒಂದು ಮಾತು ಹೇಳಿಬಿಡೋಣವೆಂದು ನಾನು ಅರ್ಧ ಎದ್ದೆ. ನಮ್ಮ ಯಜಮಾನರು ಕೋಟಿನೊಳಗಿಂದ ಕೈ ಹೊರಗೆ ತಂದು, "ಹೆಂಗಸರ ಸರದಿ ಆಮೇಲೆ," ಎಂದರು. ಮನೆಯಲ್ಲಿ ಆ ದನಿ ತೆಗೆದಿದ್ದರೆ ಅವತ್ತು ಊಟ ಇರುತ್ತಿರಲಿಲ್ಲ. ದೇವಾಲಯವಾದ್ದರಿಂದ ಕೂತೆ.

ಅವರು ಮುಂದೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ಸಭೆಯನ್ನು ನೋಡಿದರು, ದೊಡ್ಡಯ್ಯನವರನ್ನು ನೋಡಿದರು, ಕೊನೆಗೆ ಬಾಮೈದನನ್ನು ನೋಡಿದರು. ಬೆಳಿಗ್ಗೆ ಅವನು ನಮ್ಮ ಮನೆಗೆ ಬರುವಾಗ ಒಂದು ಪುಟ್ಟಿ ಮಾವಿನಹಣ್ಣು ತಂದಿದ್ದ. ಬಂದ ನೆಂಟನ ಮಾತು ಮೊದಲಿಡುವುದು ಮರ್ಯಾದೆ ಎಂದು ಆ ಕ್ಷಣದಲ್ಲಿ ಅವರಿಗೆ ಹೊಳೆಯಿತಂತೆ. ಹೇಗೂ ಯಾರೂ ಏಳುವುದಿಲ್ಲವಲ್ಲ, ಯಾವುದು ಮೊದಲಾದರೇನು ಎಂದುಕೊಂಡರಂತೆ.

"ಬಂಗಾರಪೇಟೆಗೆ ಹೋಗಬೇಕು ಅಂತ ಯಾರಿಗೆ ಪ್ರೇರಣೆ ಆಗಿದೆಯೋ," ಎಂದರು ನಮ್ಮ ಯಜಮಾನರು, "ಅವರು ಎದ್ದು ನಿಲ್ಲಲಿ."

ಸಭೆ ಬೆಚ್ಚಿತು. ಕ್ರಮ ತಪ್ಪಿದ್ದು ಎಲ್ಲರಿಗೂ ಗೊತ್ತಾಯಿತು. ಆದರೂ ಸಭೆಗೆ ಬುದ್ಧಿಯಿತ್ತು; ಒಬ್ಬರಾದರೂ ಅಲುಗಲಿಲ್ಲ. ರಾಹೇಲಜ್ಜಿ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಜ್ಞಾನಪ್ರಕಾಶ ಮಾತ್ರ, ತಾನು ಎದ್ದರೆ ಗೌರವವೋ ಕಾದು ಎದ್ದರೆ ಗೌರವವೋ ಎಂದು ಲೆಕ್ಕ ಹಾಕುತ್ತಿದ್ದ.

ಆಗ ನೆಲ ನಡುಗಿತು.

ತಗಡು ಗಡಗಡ ಎಂದಿತು. ಗೋಡೆಯ ಸುಣ್ಣ ದೊಡ್ಡಯ್ಯನವರ ನಿಲುವಂಗಿಯ ಮೇಲೆ ಉದುರಿತು. ಬೆಂಚಿನ ಕೆಳಗೆ, ಪಾದದ ಕೆಳಗೆ, ಏನೋ ಒಂದು ಮಗ್ಗುಲು ಬದಲಾಯಿಸಿದಂತಾಯಿತು. ಇಡೀ ಸಭೆ ಒಟ್ಟಿಗೆ ಎದ್ದು ನಿಂತಿತು. ಎದ್ದದ್ದಷ್ಟೇ ಅಲ್ಲ, ಬಾಗಿಲ ಕಡೆ ಹೊರಟಿತು. ರಾಹೇಲಜ್ಜಿಯೇ ಎಲ್ಲರಿಗಿಂತ ಮುಂದೆ. ಕೂತು ಉಳಿದವರು ದೊಡ್ಡಯ್ಯನವರೊಬ್ಬರು. ಜ್ಞಾನಪ್ರಕಾಶ ಕೂತೂ ಇರಲಿಲ್ಲ, ನಿಂತೂ ಇರಲಿಲ್ಲ. ಬಂಗಾರಪೇಟೆಯವನಿಗೆ ಈ ನಡುಕ ಹೊಸದು; ಮೊದಲ ಸದ್ದಿಗೇ ಬೆಂಚಿನ ಕೆಳಗೆ ನುಗ್ಗಿದವನ ಒಂದು ಚಪ್ಪಲಿ ಮಾತ್ರ ಹೊರಗೆ ಕಾಣುತ್ತಿತ್ತು.

ಹೀಗಾಗಿ ಬಂಗಾರಪೇಟೆಯ ಪರವಾಗಿ ಎದ್ದು ನಿಲ್ಲದಿದ್ದವನು ಇಡೀ ಸಭೆಯಲ್ಲಿ ಅವನೊಬ್ಬನೇ.

ಜಗಲಿ ಆಗಲೇ ತುಂಬಿತ್ತು. ಪಕ್ಕದ ಮನೆಯ ಮುನಿನಾರಾಯಣಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಿದ್ದಳು. ಅವಳ ಗಂಡ ಆದಿನಾರಾಯಣ ಆಸರೆ ಕಟ್ಟುವ ಗ್ಯಾಂಗಿನವನು. ಗೇಟಿನ ಕಾವಲುಗಾರ ಪೆರುಮಾಳ್ ಸಲಾಕೆಗಳ ಹಿಂದೆ ನಿಂತು, "ಕೊಂಚ ಇರುಂಗಮ್ಮಾ, ಕೇಜು ಇಳಿದದೆ, ಬತ್ತದೆ, ತಳ್ಳಬ್ಯಾಡ್ರಿ," ಎಂದು ತನಗೆ ಗೊತ್ತಿದ್ದ ಅಷ್ಟೂ ಭಾಷೆಯಲ್ಲಿ ಹೇಳುತ್ತಿದ್ದ. ನಾನು ಒಲೆ ಹಚ್ಚಿದೆ. ಕೈಗೆ ಕೆಲಸವಿದ್ದರೆ ಕಣ್ಣು ರಾಟೆಯ ಮೇಲೆ ಇರುವುದಿಲ್ಲ.

ದೊಡ್ಡಯ್ಯನವರು ಹೊರಗೆ ಬಂದರು. ಅವರ ಮುಖ ಹೊಳೆಯುತ್ತಿತ್ತು. "ದಾನಿಯೇಲಪ್ಪನವರೇ, ಅಪೊಸ್ತಲರು ಪ್ರಾರ್ಥಿಸಿದಾಗ ಅವರಿದ್ದ ಸ್ಥಳವು ನಡುಗಿತೆಂದು ಬೋಧಿಸುತ್ತ ಬಂದಿದ್ದೇನೆ. ಕಣ್ಣಾರೆ ಕಂಡದ್ದು ಇಂದು."

"ಏರ್‌ಬ್ಲಾಸ್ಟು ಅಯ್ಯನವರೇ," ಎಂದರು ನಮ್ಮ ಯಜಮಾನರು. ಕಣ್ಣು ರಾಟೆಯ ಮೇಲಿತ್ತು.

"ಬಂಡೆ ಸಿಡಿಯಿತೆಂದು ನೀವು ಹೇಳುವಿರಿ. ಸಿಡಿಸಿದವನಾರು? ನೀವು ಪ್ರಶ್ನೆ ಇಟ್ಟಿರಿ, ಆತನು ಉತ್ತರ ಕೊಟ್ಟನು. ಒಬ್ಬರ ಹೊರತು ಎಲ್ಲರೂ ಎದ್ದರು. ಯಾರಾತನು, ಆ ಕಠಿಣ ಹೃದಯದವನು, ಮುಂದಿನ ಬೆಂಚಿನಲ್ಲಿದ್ದವನು?"

"ನನ್ನ ಬಾಮೈದ."

"ಆತನಿಗಾಗಿ ಪ್ರಾರ್ಥಿಸೋಣ," ಎಂದು ದೊಡ್ಡಯ್ಯನವರು ನಿಟ್ಟುಸಿರಿಟ್ಟರು. ಸೀಮೋನಯ್ಯನವರು ತಲೆಯಾಡಿಸಿದರು. ಆಮೇಲೆ ದೊಡ್ಡಯ್ಯನವರ ದೃಷ್ಟಿ ಜಗಲಿಯ ಕಡೆ ತಿರುಗಿತು. "ಈ ಸ್ತ್ರೀಯರು ಯಾರು? ಇವರಿಗೆ ಇಲ್ಲಿ ಏನು ಕಾರ್ಯ?"

ಇದೇ ಸಮಯ. ಒಂದು ಮಾತು ಸಾಕಿತ್ತು. ಆದರೆ ನಮ್ಮ ಯಜಮಾನರ ಕಣ್ಣು ಆ ಹೊತ್ತಿಗೆ ಕಾಫಿಯ ಹಂಡೆಯ ಪಕ್ಕದಲ್ಲಿದ್ದ ಡಬ್ಬದ ಮೇಲೆ ಬಿತ್ತು. ಅದು ಭಾನುವಾರದ ಶಾಲೆಯ ಮಕ್ಕಳಿಗೆಂದು ಅಮೆರಿಕದವರು ಕಳಿಸಿದ ಹಾಲಿನ ಪುಡಿ. ಏರ್‌ಬ್ಲಾಸ್ಟ್ ಆದಾಗಲೆಲ್ಲ ಅದು ಕಾಫಿಗೆ ಹೋಗುತ್ತಿತ್ತು. ನನ್ನ ಗಂಡ ಒಂದು ಹೆಜ್ಜೆ ಸರಿದು, ದೊರೆಯ ಕೋಟನ್ನು ಅಗಲವಾಗಿ ಬಿಚ್ಚಿ, ಡಬ್ಬಕ್ಕೆ ಅಡ್ಡ ನಿಂತರು.

"ಏನೂ ಇಲ್ಲ ಅಯ್ಯನವರೇ. ಲೈನಿನವರು, ಸುಮ್ನೆ ನಿಂತವ್ರೆ. ಇದಕ್ಕೂ ಸಭೆಗೂ ಏನೂ ಸಂಬಂಧ ಇಲ್ಲ."

ಕೇಜು ಬಂತು. ಅವತ್ತು ಎಲ್ಲರೂ ಬಂದರು. ಆದಿನಾರಾಯಣ ಬಂದ, ಯೋಹಾನ ಬಂದ, ಬಂದವನೇ ಮನೆಯಲ್ಲಿ ಮಾವಿನಹಣ್ಣು ಉಳಿದಿದೆಯೇ ಎಂದು ಕೇಳಿದ. ಹೆಂಗಸರು ಅತ್ತು, ನಕ್ಕು, ಲೋಟ ತೊಳೆದಿಟ್ಟು ಹೋದರು. ದೊಡ್ಡಯ್ಯನವರು ರೈಲಿಗೆ ಹೊತ್ತಾಯಿತೆಂದು ಹೊರಟಿದ್ದರು. ಎರಡನೆಯ ಪ್ರಶ್ನೆಯನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಸಂಜೆ ಸಭೆಯ ಹಿರಿಯರೆಲ್ಲ ನಮ್ಮ ಮನೆಯಲ್ಲಿ. ಯಜಮಾನರು ಗೋಡೆಗೆ ಮುಖ ಮಾಡಿ ಕೂತಿದ್ದರು.

"ಬೆಂಗಳೂರಿಗೋಗಿ ಹೇಳಿ ಬರೋಣ," ಎಂದರು ಸೀಮೋನಯ್ಯನವರು. "ನಾವು ಎದ್ದದ್ದು ದೇವರ ಪ್ರೇರಣೆಯಿಂದ ಅಲ್ಲ, ಏರ್‌ಬ್ಲಾಸ್ಟಿಂದ ಅಂತ."

"ಏರ್‌ಬ್ಲಾಸ್ಟು ದೇವರ ಕೈಲಿಲ್ಲ ಅಂತೀರಾ?" ಎಂದಳು ರಾಹೇಲಜ್ಜಿ.

ಅವಳೇ ಮುಂದುವರಿಸಿದಳು.

"ಇಲ್ಲ ಅಂದ್ರೆ, ಅಯ್ಯಾ, ಇಷ್ಟು ವರ್ಷ ಆ ಗೇಟ್ ಮುಂದೆ ನಿಂತ್ಕೊಂಡು ಯಾರನ್ನ ಬೇಡ್ಕೊಂಡ್ವಿ ನಾವು? ಇದೆ ಅಂದ್ರೆ, ಆಯಪ್ಪ ಸರಿಯಾಗಿ ದಾನಿಯೇಲ ಬಾಯ್ಬಿಟ್ಟ ಹೊತ್ಗೇ ಯಾಕೆ ಅಲ್ಲಾಡಿಸ್ದ? ಎರಡ್ರಲ್ಲಿ ಯಾವ್ದು ಹೇಳ್ತೀರ, ಹೇಳ್ಬುಟ್ಟು ಬನ್ನಿ."

ಸೀಮೋನಯ್ಯನವರು ಎರಡಕ್ಕೂ ತಲೆಯಾಡಿಸಿದರು. ನನಗೆ ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಪಾತ್ರೆ ತಿಕ್ಕುವಾಗ ಒಮ್ಮೊಮ್ಮೆ ಯೋಚಿಸುತ್ತೇನೆ.

ಆದರೂ ಬೆಂಗಳೂರಿಗೆ ಹೋದೆವು. ಸೀಮೋನಯ್ಯನವರು, ನಮ್ಮ ಯಜಮಾನರು, ಕಂಕುಳಲ್ಲಿ ಕೂಸು ಹೊತ್ತು ನಾನು. ನಾನು ಹೋದದ್ದು ಗಂಡನ ಮೇಲಿನ ನಂಬಿಕೆಯಿಂದಲ್ಲ. ಅಲ್ಲಿ ಹೋಗಿ ನೋಡಿದರೆ ದೊಡ್ಡ ದೇವಾಲಯದ ತುಂಬ ಜನ. ಊರಿಗಾಂ ಸಭೆಯ ಮೇಲೆ ಪವಿತ್ರಾತ್ಮ ಇಳಿದ ಸಂಗತಿ ಬೆಂಗಳೂರು ದಂಡು ಪ್ರದೇಶದ ಬೀದಿಬೀದಿಗೂ ಮುಟ್ಟಿತ್ತು. ನಮ್ಮ ಯಜಮಾನರ ಕೊರಳಿಗೆ ಸೇವಂತಿಗೆ ಹಾರ ಹಾಕಿ, ಸಾಕ್ಷಿ ಹೇಳಲು ವೇದಿಕೆಗೆ ಹತ್ತಿಸಿದರು. ನಾನು ಕೆಳಗಿಂದ ಕಣ್ಣಲ್ಲೇ, 'ಹೇಳಿ' ಎಂದೆ.

"ನೆಲ ನಡುಗಿದ್ದು ನಿಜ," ಎಂದರು ನಮ್ಮ ಯಜಮಾನರು.

"ಸ್ತೋತ್ರ," ಎಂದಿತು ಇಡೀ ದೇವಾಲಯ.

"ನಾವೆಲ್ಲ ಎದ್ದಿದ್ದೂ ನಿಜ."

"ಸ್ತೋತ್ರ."

"ಆದ್ರೆ ನಾವು ಎದ್ದಿದ್ದು ಯಾಕೆ ಅಂದ್ರೆ," ಎನ್ನುವಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹೆಂಗಸು ಬಿಕ್ಕಿ ಅತ್ತಳು. ಆರ್ಗನ್ ನುಡಿಸುವವರು ಅದನ್ನೇ ಸನ್ನೆಯೆಂದು ತಿಳಿದು ಕೀರ್ತನೆ ಎತ್ತಿದರು. ಆರು ಚರಣದ ಕೀರ್ತನೆ. ನಾಲ್ಕನೆಯ ಚರಣದ ಹೊತ್ತಿಗೆ ನಮ್ಮ ಯಜಮಾನರೂ ಹಾಡುತ್ತಿದ್ದರು.

ಇಳಿದು ಬಂದ ಮೇಲೆ ಕೇಳಿದೆ, "ಯಾಕೆ ಹೇಳ್ಲಿಲ್ಲ?"

"ಅಷ್ಟು ಜನ ಸಂತೋಷವಾಗಿದ್ರಲ್ಲೇ," ಎಂದರು. "ನನ್ನಿಂದ ಯಾರಾದ್ರೂ ಸಂತೋಷವಾಗಿದ್ದು ನಾನು ನೋಡೇ ಇರ್ಲಿಲ್ಲ."

ಹಾರದ ಹೂವನ್ನು ಕೂಸು ತಿನ್ನುತ್ತಿತ್ತು, ಬಿಡಿಸಿಕೊಂಡೆ.

ಇನ್ನು ಉಳಿದದ್ದು ಜ್ಞಾನಪ್ರಕಾಶ. ದೇವರ ಚಿತ್ತಕ್ಕೆ ಎದುರು ನಿಂತ ಏಕಮಾತ್ರ ವ್ಯಕ್ತಿಯೆಂದು ಬೆಂಗಳೂರಿನ ಪ್ರಸಂಗದಲ್ಲಿ ಅವನ ಹೆಸರು ಬಂದಿತ್ತು. ಅದು ಬಂಗಾರಪೇಟೆಯ ಸೌದೆ ಡಿಪೋ ಮುಟ್ಟಿತು. ಮಾರನೆಯ ದಿನವೇ ಬಂದ.

"ಭಾವಾ, ಬೆಂಚಿನ ಕೆಳಗೆ ಬಿದ್ದಿರೋನು ಎಂಗೆ ಎದ್ದು ನಿಲ್ಲಾಕಾತದೆ? ಅಷ್ಟೂ ತಿಳೀದಾ ಅವರ್ಗೆ?"

"ನಾನು ಹೇಳ್ತೀನಿ ಬಿಡು."

"ನೀವು ಹೇಳೋದು ಬ್ಯಾಡ. ನೀವು ಬಾಯ್ಬಿಟ್ಟಾಗ ನೆಲ ಅಲ್ಲಾಡ್ತದೆ. ನನ್ನ ಸೈಟು ದೇವರಿಗೂ ಇಲ್ಲ, ದೊಡ್ಡಯ್ಯನಿಗೂ ಇಲ್ಲ. ಅಕ್ಕಾ, ನಾನು ಬತ್ತೀನಿ. ಆ ಮಾವಿನಣ್ಣಿನ ಪುಟ್ಟಿ ಕೊಡು."

ಹೀಗೆ ಎಲ್ಲರೂ ಬೇಡವೆಂದ ಬಂಗಾರಪೇಟೆಗೆ ಹೋಗುವುದು ಖಂಡಿತವಾಯಿತು. ಬೇಕೆಂದ ಒಬ್ಬ ಮನುಷ್ಯ ಕೊಡುತ್ತೇನೆಂದಿದ್ದ ಜಾಗ ಇಲ್ಲವಾಯಿತು. ಬೆಂಗಳೂರಿನವರು ಎದೆಗುಂದಲಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಒಂದು ಹುಣಸೆಹಣ್ಣಿನ ಗೋದಾಮನ್ನು ಬಾಡಿಗೆಗೆ ಹಿಡಿದುಕೊಟ್ಟರು.

ಬೆಂಚು, ಗಂಟೆ, ಪ್ರಸಂಗಪೀಠ ಎಲ್ಲ ಲಾರಿಗೆ ಏರಿದ ದಿನ ಲೈನಿನವರೆಲ್ಲ ಬಂದು ನಿಂತಿದ್ದರು. ನಮಗೆ ಪ್ರೇರಣೆಯಾಗಿದೆ ಎಂದು ಹೇಳಲು ನಮ್ಮ ಯಜಮಾನರಿಗೂ ಬಾಯಿ ಬರಲಿಲ್ಲ.

ಮುನಿನಾರಾಯಣಮ್ಮ ಲಾರಿಯನ್ನು ಒಂದು ಸುತ್ತು ಹಾಕಿ ನೋಡಿ ಬಂದು, "ನಿಮ್ ದೇವ್ರು ಬಂಗಾರಪೇಟೆಗೆ ಓಗ್ಲಿ ಬಿಡಕ್ಕ, ದೊಡ್ಡೂರು, ಸುಖವಾಗಿರ್ಲಿ," ಎಂದಳು. "ಜಗಲಿ ಬಿಟ್ಟೋಗಿ."

"ಜಾಗ ನಮ್ದಲ್ಲವಲ್ಲೇ. ಗಣಿಯೋರ್ದು. ಬೀಗ ಹಾಕಿ ವಾಪಸ್ ಕೊಡ್ಬೇಕು."

"ಒಂದು ಚಾಪೆನಾದ್ರೂ?"

ಚಾಪೆ ಕೊಟ್ಟೆವು. ಮುಂಬಾಗಿಲಿಗೂ ಜಗಲಿಯ ಕಂಬಿ ಗೇಟಿಗೂ ಬೀಗ ಹಾಕಿದ್ದು ನಮ್ಮ ಯಜಮಾನರೇ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಜಗ್ಗಿ ನೋಡಿದರು. ಜೀವನದಲ್ಲಿ ಅವರು ತಪ್ಪಿಲ್ಲದೆ ಮಾಡಿದ ಒಂದೇ ಕೆಲಸ ಅದು.

ಮುಂದಿನ ಭಾನುವಾರದಿಂದ ಬೆಳಿಗ್ಗೆ ಎದ್ದು, ಮಕ್ಕಳಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಆರಾಧನೆಗೆ ಹೋಗತೊಡಗಿದೆವು. ಊರಿಗಾಂನಿಂದ ಹೋದ ನಾವೇ ಸಭೆ. ಬಂಗಾರಪೇಟೆಯವರು ಒಬ್ಬರೂ ಬರಲಿಲ್ಲ. ಜ್ಞಾನಪ್ರಕಾಶ ಯಾರನ್ನೂ ಬರಲು ಬಿಡಲಿಲ್ಲ. ಗೋದಾಮಿನಲ್ಲಿ ಹುಣಸೆಯ ಹುಳಿ ವಾಸನೆ ಎಷ್ಟೆಂದರೆ, ಕೀರ್ತನೆಗೆ ಬಾಯಿ ತೆರೆದರೆ ನೀರೂರಿ ಎರಡನೆಯ ಸಾಲಿಗೇ ಎಲ್ಲರೂ ನುಂಗಲು ನಿಲ್ಲುತ್ತಿದ್ದರು. ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ಕಣ್ಣು ಮುಚ್ಚಿ ಕೈ ಮಾತ್ರ ಮೂಟೆಯ ಕಡೆ ಚಾಚುತ್ತಿದ್ದವು. "ಇದು ಆರಾಧನೆಯೋ ಹುಣಸೆ ಸಾರಿನ ಊಟಕ್ಕೆ ಕೂತಿರೋದೋ," ಎಂದಳು ರಾಹೇಲಜ್ಜಿ. ಆಮೇಲೆ ಅವಳು ಬರುವುದನ್ನೂ ಬಿಟ್ಟಳು. ರೈಲು ಹತ್ತುವ ಶಕ್ತಿ ಇಲ್ಲ ಎಂದಳು.

ಮಳೆಗಾಲ ಹಿಡಿಯುವ ಮೊದಲಿನ ಒಂದು ಭಾನುವಾರ. ಅವತ್ತು ದೊಡ್ಡಯ್ಯನವರೇ ಪ್ರಸಂಗಕ್ಕೆ ಬಂದಿದ್ದರು. ಆರಾಧನೆ ನೀಳವಾಯಿತು. ಯೋಹಾನ ನಮ್ಮ ಜೊತೆಗಿದ್ದ. ಸಂಜೆಯ ರೈಲಿನಲ್ಲಿ ವಾಪಸ್ಸಾದೆವು. ಊರಿಗಾಂನಲ್ಲಿ ಇಳಿದು ಲೈನಿನ ಕಡೆ ನಡೆದರೆ ಮನೆಗಳ ಬಾಗಿಲೆಲ್ಲ ತೆರೆದೇ ಇವೆ, ಒಳಗೆ ಯಾರೂ ಇಲ್ಲ. ಒಂದು ಮನೆಯಿಂದ ಮುದ್ದೆ ಸೀದ ವಾಸನೆ ಬರುತ್ತಿತ್ತು. ಮಕ್ಕಳನ್ನು ಎಳೆದುಕೊಂಡು ಗೇಟಿನ ಕಡೆ ಓಡಿದೆವು.

ದೇವಾಲಯದ ಎದುರಿನ ಡಾಂಬರು ರಸ್ತೆಯ ಮೇಲೆ ಹೆಂಗಸರು ಕೂತಿದ್ದರು. ಮಧ್ಯಾಹ್ನದ ಬಿಸಿಲಿನಿಂದ ಹಾಗೇ ಕೂತವರು. ಜಗಲಿಯ ಕಂಬಿಯೊಳಗೆ ಒಣ ಎಲೆ ತುಂಬಿತ್ತು. ಪೆರುಮಾಳ್ ಗೇಟಿನ ಹಿಂದೆ ನಿಂತಿದ್ದ; ಅವತ್ತು ಅವನು ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಉಳಿದ ಗ್ಯಾಂಗುಗಳೆಲ್ಲ ಮೇಲೆ ಬಂದಿದ್ದವು. ಆದಿನಾರಾಯಣನ ಗ್ಯಾಂಗು ಬಂದಿರಲಿಲ್ಲ.

ಮುನಿನಾರಾಯಣಮ್ಮ ನಮ್ಮನ್ನು ನೋಡಿದಳು. ನನ್ನ ಭಾನುವಾರದ ಸೀರೆ, ಮಕ್ಕಳ ಒಗೆದ ಬಟ್ಟೆ, ಯಜಮಾನರ ಕೈಯಲ್ಲಿದ್ದ ಕೀರ್ತನೆ ಪುಸ್ತಕ, ಎಲ್ಲವನ್ನೂ ನೋಡಿದಳು. ಕೋಪವೇನೂ ಇರಲಿಲ್ಲ. ತುಟಿ ಮಾತ್ರ ಒಣಗಿ ಬಿರಿದಿತ್ತು.

"ಎಲ್ಲಿಗೋಗಿದ್ರಿ ಅಕ್ಕಾ?" ಎಂದಳು.

ನಮ್ಮ ಯಜಮಾನರು, "ಆರಾಧನೆಗೆ ಹೋಗಿದ್ವಿ ಕಣಮ್ಮ," ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವರು ಬಿಡುವವರಲ್ಲ. ಹೇಳಲೇಬೇಕಾದಾಗ ಬಾಯಿ ಮುಚ್ಚಿ, ಮುಚ್ಚಬೇಕಾದಾಗ ಹೇಳುವವರು. "ಬಂಗಾರಪೇಟೇಲಿ ನೆಲ ಅಲ್ಲಾಡ್ಲೇ ಇಲ್ಲಮ್ಮ. ನಮಗೆ ಗೊತ್ತೇ ಆಗ್ಲಿಲ್ಲ."

"ಪುಣ್ಯವಂತ್ರು ಬಿಡಿ," ಎಂದಳು ಮುನಿನಾರಾಯಣಮ್ಮ.

ಆಮೇಲೆ ರಸ್ತೆಯ ಮೇಲೆಯೇ ಸ್ವಲ್ಪ ಪಕ್ಕಕ್ಕೆ ಸರಿದು, ನಮಗೆ ಕೂರಲು ಜಾಗ ಮಾಡಿದಳು.